ಅಂಗಳದ ಮರ ಸವರಿಸುವ ಮುನ್ನ

ಹೊಂಗೆಯ ಕೊಂಬೆ ತಾರಸಿ ಮೇಲೆ ಬಾಗಿದೆ, ಮಾವಿನ ರೆಂಬೆ ಕಿಟಕಿಗೆ ಬಡಿಯುತ್ತಿದೆ ಎಂದು ಇಡೀ ಮರ ಉರುಳಿಸಬೇಕಿಲ್ಲ. ಬೇಡದ ಕೊಂಬೆಗಳನ್ನಷ್ಟೇ ತೆಗೆಸಿದರಾಯಿತು. ಇದೇ ಪ್ರೂನಿಂಗ್, ಅಂದರೆ ಸವರುವುದು.

‘ನಮ್ಮ ಜಾಗ, ನಮ್ಮ ಮರ, ಯಾರನ್ನೇನು ಕೇಳೋದು?’ ಅನ್ನಬಹುದು ನೀವು. ಕೇಳಲೇಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಗಳಿಗೂ ಅನ್ವಯಿಸುತ್ತದೆ. ಕೊಂಬೆ ಸವರುವುದನ್ನೂ ಅದು ಮರ ಕಡಿಯುವುದರಲ್ಲೇ ಸೇರಿಸಿದೆ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಮಿಕ್ಕವಕ್ಕೆ ವೃಕ್ಷಾಧಿಕಾರಿಗೆ (ಟ್ರೀ ಆಫೀಸರ್) ಅರ್ಜಿ ಕೊಡಿ. ಬೆಂಗಳೂರಾದರೆ ಪಾಲಿಕೆಯ ಅರಣ್ಯ ವಿಭಾಗದಲ್ಲಿ, ಬೇರೆ ಊರಾದರೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಯ ಜೊತೆ ಮರದ ಫೋಟೊ ಇಟ್ಟರೆ ಒಳ್ಳೆಯದು. ಕೊಂಬೆ ಕರೆಂಟ್ ತಂತಿಗೆ ತಾಗುತ್ತಿದ್ದರೆ ನೀವು ಮುಟ್ಟಲೇಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಯಾವಾಗ ಸವರಿಸಬೇಕು? ಒಣಗಿದ ಕೊಂಬೆಗಾದರೆ ಕಾಲ ನೋಡಬೇಕಿಲ್ಲ. ಬೀಳುವಂತಿರುವುದನ್ನು ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಮೊದಲೇ ತೆಗೆಸಿ. ಮಾವನ್ನು ಕಾಯಿ ಕಿತ್ತ ಮೇಲೆ ಸವರಿಸಿ. ಹಕ್ಕಿಗೂಡು, ಜೇನು ಇವೆಯೇ ಎಂದು ಮೊದಲು ನೋಡಿಕೊಳ್ಳಿ.

ಮರ ಹತ್ತುವವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ‘ಮೇಲಿಂದ ಬೋಳಿಸಿಬಿಡ್ತೀವಿ ಸಾರ್, ಮೂರು ವರ್ಷ ಈ ಕಡೆ ನೋಡೋ ಹಾಗಿಲ್ಲ.’ ಒಪ್ಪಬೇಡಿ. ತಲೆ ಹಾರಿಸಿದ ಮರ ಗಾಬರಿಬಿದ್ದು ಕಡಿದ ಜಾಗದಲ್ಲೆಲ್ಲ ಚಿಗುರುತ್ತದೆ. ಆ ಚಿಗುರು ಬೇಗ ಉದ್ದವಾಗುತ್ತದೆ, ಆದರೆ ಅದರ ಹಿಡಿತ ಸಡಿಲ. ಮುಂದೆ ಗಾಳಿಗೆ ಮುರಿಯುವುದು ಅದೇ. ಒಂದು ಸಲಕ್ಕೆ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಸಬೇಡಿ.

ಕತ್ತರಿಸುವ ಜಾಗವೂ ಮುಖ್ಯ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆ ತೊಟ್ಟಂತೆ ಸ್ವಲ್ಪ ಉಬ್ಬಿರುತ್ತದೆ. ಅದು ಬ್ರಾಂಚ್ ಕಾಲರ್. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ದಪ್ಪ ಕೊಂಬೆಯಾದರೆ ಕಾಂಡದಿಂದ ಒಂದಡಿ ಆಚೆ ಮೊದಲು ಕೆಳಗಿನಿಂದ ಅರೆಬರೆ ಕೊಯ್ಯಬೇಕು. ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದು ಇಳಿಸಬೇಕು. ಹೀಗೆ ಮಾಡಿದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಸುಲಿದುಕೊಂಡು ಹೋಗುವುದಿಲ್ಲ. ಕೊನೆಗೆ ಉಳಿದ ಮೋಟನ್ನು ಉಬ್ಬಿನ ಹೊರಗೆ ಕೊಯ್ದರೆ ಮುಗಿಯಿತು. ಮಚ್ಚಿನಿಂದ ಕೊಚ್ಚಿಸಬೇಡಿ, ಗರಗಸವೇ ಇರಲಿ. ಗಾಯಕ್ಕೆ ಪೇಂಟ್ ಬಳಿಯುವುದೂ ಬೇಕಿಲ್ಲ.

ಖರ್ಚು ಎಷ್ಟು? ಮರದ ಎತ್ತರ, ಕೆಳಗೆ ಶೀಟು, ಕಾರು ಇವೆಯೇ, ಕೊಂಬೆಯನ್ನು ಹಗ್ಗ ಕಟ್ಟಿ ಇಳಿಸಬೇಕೇ ಎಂಬುದರ ಮೇಲೆ ಕೂಲಿ ನಿಲ್ಲುತ್ತದೆ. ಹಳ್ಳಿಯ ಕಡೆ ಸೌದೆಗೆಂದು ಕೂಲಿ ಕಡಿಮೆ ಮಾಡುವವರಿದ್ದಾರೆ. ಪೇಟೆಯಲ್ಲಿ ಸೊಪ್ಪುಸದೆ ಸಾಗಿಸಲೂ ದುಡ್ಡು ಕೇಳುತ್ತಾರೆ. ಹತ್ತಿರದ ನರ್ಸರಿಯಲ್ಲಿ ಕೇಳಿದರೆ ಕೆಲಸ ಬಲ್ಲವರು ಸಿಗುತ್ತಾರೆ. ಇಬ್ಬರು ಮೂವರನ್ನು ಕರೆಸಿ ಮರ ತೋರಿಸಿಯೇ ಮಾತಾಡಿ. ಯಾವ ಕೊಂಬೆ ಹೋಗಬೇಕೋ ಅದಕ್ಕೆ ಸುಣ್ಣದ ಗುರುತು ಹಾಕಿಸಿ. ಬಾಕಿ ಹಣವನ್ನು ಕೊನೆಯ ಹೊರೆ ಗೇಟು ದಾಟಿದ ಮೇಲೆ ಕೊಡಿ.