ಬಿಳಿ ಗೂಡು, ಕಪ್ಪು ಬಟ್ಟೆ, ಕ್ಯಾಮೆರಾದ ಬೂದು ಲೆಕ್ಕ

ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಬೈವೋಲ್ಟೀನ್ ತಳಿಯ ಗೂಡಿನ ಬಿಳಿ ರಾಶಿಯನ್ನು ಚೌಕಟ್ಟಿನ ತುಂಬ ಇಟ್ಟು ಕ್ಲಿಕ್ಕಿಸಿ ನೋಡಿ. ಬಹಳಷ್ಟು ಸಲ ಚಿತ್ರದಲ್ಲಿ ಗೂಡು ಮಾಸಿ, ಬೂದಿಗೆ ತಿರುಗಿರುತ್ತದೆ. ಅದೇ ಚಿಕ್ಕಬಳ್ಳಾಪುರ ಜಿಲ್ಲೆಯ ಇನ್ನೊಂದು ಮಗ್ಗುಲಿನಲ್ಲಿ, ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ, ಮೊಹರಂ ಮೆರವಣಿಗೆಯ ಕಪ್ಪು ಬಟ್ಟೆಯ ಜನರನ್ನು ಹಾಗೆಯೇ ತೆಗೆದರೆ ಆಗುವುದು ಇದರ ತಿರುವುಮುರುವು: ಬಟ್ಟೆ ಹಲವು ಸಲ ಒಗೆದು ಬಣ್ಣ ಬಿಟ್ಟಂತೆ ಕಾಣುತ್ತದೆ, ಮುಖಗಳು ಬಿಳಿಚಿಕೊಂಡಿರುತ್ತವೆ.

ಎರಡೂ ಕಡೆ ಕ್ಯಾಮೆರಾ ಕೆಟ್ಟಿಲ್ಲ. ಒಳಗಿನ ಬೆಳಕಿನ ಮಾಪಕ ತನಗೆ ಹೇಳಿಕೊಟ್ಟ ಲೆಕ್ಕವನ್ನೇ ಮಾಡಿದೆ. ಅದಕ್ಕೆ ಗೂಡೂ ಗೊತ್ತಿಲ್ಲ, ಬಟ್ಟೆಯೂ ಗೊತ್ತಿಲ್ಲ. ಎದುರಿನಿಂದ ಎಷ್ಟು ಬೆಳಕು ಬರುತ್ತಿದೆ ಎಂಬುದಷ್ಟೇ ಗೊತ್ತು. ಹೆಚ್ಚು ಬೆಳಕು ಬಂದರೆ, ಎದುರಿರುವುದು ನೆರಳಲ್ಲಿರುವ ಬಿಳಿಯೋ ಸುಡುಬಿಸಿಲಲ್ಲಿರುವ ಬೂದೋ ಎಂದು ತೀರ್ಮಾನಿಸಲು ಅದಕ್ಕೆ ದಾರಿಯಿಲ್ಲ. ಹಾಗಾಗಿ ತಯಾರಕರು ಮಾಪಕಕ್ಕೆ ಒಂದು ಊಹೆಯನ್ನು ಕಟ್ಟಿಕೊಟ್ಟಿದ್ದಾರೆ: ಯಾವ ದೃಶ್ಯವನ್ನಾದರೂ ಸರಾಸರಿ ತೆಗೆದರೆ ನಡುವಿನದೊಂದು ಬೂದು ಸಿಗುತ್ತದೆ. ಛಾಯಾಗ್ರಾಹಕರು ಅಳತೆಗೆ ಬಳಸುವ ಬೂದು ಹಲಗೆ, ಮೇಲೆ ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಹಿಂದಿರುಗಿಸುವಂತೆ ಮಾಡಿರುವುದು ಇದೇ ಕಾರಣಕ್ಕೆ. ಒಂದಿಷ್ಟು ಮಣ್ಣು, ಒಂದಿಷ್ಟು ಹಿಪ್ಪುನೇರಳೆ ತೋಟ, ಮೇಲೆ ಸ್ವಲ್ಪ ಆಕಾಶ ಇದ್ದರೆ ಊಹೆ ಸರಿಹೋಗುತ್ತದೆ. ಬಿಳಿಯೇ ತುಂಬಿದಾಗ ಮಾಪಕ ಬೆಳಕನ್ನು ಕತ್ತರಿಸುತ್ತದೆ, ಕಪ್ಪೇ ತುಂಬಿದಾಗ ಸುರಿಯುತ್ತದೆ. ಈಚಿನ ಫೋನುಗಳು ದೃಶ್ಯವನ್ನು ಗುರುತಿಸಿ ತಕ್ಕಮಟ್ಟಿಗೆ ತಿದ್ದಿಕೊಳ್ಳುತ್ತವೆ ನಿಜ. ಪೂರ್ತಿ ತಿದ್ದುವ ಹೊಣೆ ಇನ್ನೂ ನಮ್ಮದೇ.

ಅದಕ್ಕಿರುವುದು ಕ್ಯಾಮೆರಾದ ಪ್ಲಸ್–ಮೈನಸ್ ಗುಂಡಿ. ಫೋನಿನಲ್ಲಾದರೆ ಪರದೆಯನ್ನು ಮುಟ್ಟಿದಾಗ ಮೂಡುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆಯಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ: ಶಟರ್ ಸೆಕೆಂಡಿನ 1/60 ಭಾಗದ ಬದಲು 1/30 ಭಾಗ ತೆರೆದಿದ್ದರೆ ಒಂದು ಸ್ಟಾಪ್ ಹೆಚ್ಚು. ಬಿಳಿ ಗೂಡಿಗೆ ಪ್ಲಸ್ ಒಂದರಿಂದ ಒಂದೂವರೆ ಕೊಡಿ. 1,478 ಮೀಟರ್ ಎತ್ತರದ ನಂದಿಬೆಟ್ಟದ ಬೆಳಗಿನ ಮಂಜಿಗೂ ಹೆಚ್ಚುಕಡಿಮೆ ಇಷ್ಟೇ ಬೇಕು. ಅಲ್ಲಿಂದ ಬರುವ ಎಷ್ಟೋ ಚಿತ್ರಗಳಲ್ಲಿ ಮಂಜು ಹೊಗೆಯ ಹಾಗೆ ಕೊಳಕಾಗಿ ಕಾಣುವುದು ಈ ಪ್ಲಸ್ ಸಿಗದೆ. ಮೊದಲೇ ಬೆಳ್ಳಗಿರುವುದಕ್ಕೆ ಇನ್ನಷ್ಟು ಬೆಳಕೇಕೆ ಎಂದು ಮನಸ್ಸು ತಕರಾರು ಎತ್ತುತ್ತದೆ. ಎತ್ತಲಿ. ಚಿತ್ರದ ಕಪ್ಪನ್ನು ಎಡಕ್ಕೂ ಬಿಳಿಯನ್ನು ಬಲಕ್ಕೂ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯ ಗುಡ್ಡ ಬಲದ ಗೋಡೆಗೆ ತಾಗುವ ತುಸು ಮೊದಲು ನಿಲ್ಲಿಸಿದರೆ ಸಾಕು. ಗೋಡೆ ದಾಟಿದ ಬಿಳಿಯಲ್ಲಿ ಗೂಡಿನ ಮೇಲ್ಮೈಯ ನೂಲು ಅಳಿಸಿಹೋಗುತ್ತದೆ, ಆಮೇಲೆ ಯಾವ ತಂತ್ರಾಂಶವೂ ಅದನ್ನು ಮರಳಿಸಲಾರದು.

ಅಲೀಪುರದ ಲೆಕ್ಕ ಇನ್ನೂ ಸೂಕ್ಷ್ಮ. ಬಹುತೇಕ ಷಿಯಾ ಮುಸ್ಲಿಮರೇ ಇರುವ ಈ ಊರಿನಲ್ಲಿ ಮೊಹರಂ ಶೋಕದ ತಿಂಗಳು, ಅದರ ಹತ್ತನೆಯ ದಿನ ಆಶೂರಾ. ಕಪ್ಪು ಬಟ್ಟೆಯೇ ಚೌಕಟ್ಟು ತುಂಬಿದರೆ ಮೈನಸ್ ಒಂದು ಬೇಕು. ಅದೇ ಚೌಕಟ್ಟಿಗೆ ಬಿಳಿ ಆಕಾಶ ನುಗ್ಗಿದರೆ ಮಾಪಕ ಉಲ್ಟಾ ಹೊಡೆಯುತ್ತದೆ. ಬಟ್ಟೆಗಳೆಲ್ಲ ಒಂದೇ ಕಪ್ಪು ಗಡ್ಡೆಯಾಗಿ, ಮುಖಗಳೂ ಮುಳುಗುತ್ತವೆ. ಅಲ್ಲಿ ಪ್ಲಸ್ ಮೈನಸ್ ಊಹಿಸುತ್ತ ಕೂರುವುದಕ್ಕಿಂತ ಸ್ಪಾಟ್ ಮಾಪನಕ್ಕೆ ಹೋಗಿ, ಮುಖದ ಮೇಲಿನ ಬೆಳಕನ್ನಷ್ಟೇ ಅಳೆಯುವುದು ಮೇಲು. ನಮ್ಮ ಕಡೆಯ ಕಂದು ಮೈಬಣ್ಣ ಆ ನಡುವಿನ ಬೂದಿಗೆ ಬಹಳ ಹತ್ತಿರ. ಇನ್ನೂ ಸುಲಭದ ದಾರಿ ನಮ್ಮ ಅಂಗೈ. ಜನರ ಮೇಲೆ ಬೀಳುತ್ತಿರುವ ಬೆಳಕಿಗೇ ಅಂಗೈ ಒಡ್ಡಿ, ಅದನ್ನು ಅಳೆದು, ಒಂದು ಸ್ಟಾಪ್ ಹೆಚ್ಚಿಸಿ, ಆ ಲೆಕ್ಕವನ್ನು ಕ್ಯಾಮೆರಾದಲ್ಲಿ ಲಾಕ್ ಮಾಡಿಕೊಳ್ಳಿ. ಅಂಗೈ ಬೂದಿಗಿಂತ ಸುಮಾರು ಒಂದು ಸ್ಟಾಪ್ ತಿಳಿ. ಆಮೇಲೆ ಎದುರಿಗೆ ಕಪ್ಪು ಬರಲಿ, ಬಿಳಿ ಬರಲಿ, ಬೆಳಕು ಬದಲಾಗುವ ತನಕ ಮತ್ತೆ ಗುಂಡಿ ಮುಟ್ಟಬೇಕಿಲ್ಲ. ಕಣ್ಣು ಜನರ ಮೇಲಿರಬಹುದು.

ಶೋಕದಲ್ಲಿರುವವರ ಚಿತ್ರ ತೆಗೆಯುವಾಗ ಇದು ಬರೀ ಅನುಕೂಲವಲ್ಲ, ಮರ್ಯಾದೆ ಕೂಡ. ಅಳುತ್ತಿರುವವರ ಮುಂದೆ ನಿಂತು ಯಂತ್ರ ತಿರುವುತ್ತಿರುವುದು ನನಗೆ ಸಹಿಸಲಾಗದು. ಹಿರಿಯರನ್ನು ಕೇಳಿ, ಹೇಳಿದ ಜಾಗದಲ್ಲಿ ನಿಂತು, ಬೇಡ ಎಂದ ಕಡೆ ಕ್ಯಾಮೆರಾ ಇಳಿಸಬೇಕು. ಮೊಹರಂ ಅನುಸರಿಸುವ ಚಾಂದ್ರಮಾನ ಪಂಚಾಂಗ ಇನ್ನೊಂದು ಸಂಗತಿಯನ್ನೂ ತರುತ್ತದೆ. ಆಶೂರಾ ವರ್ಷಕ್ಕೆ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2025ರಲ್ಲಿ ಅದು ಬಂದದ್ದು ಜುಲೈ 6ಕ್ಕೆ, ಮುಂಗಾರಿನ ಮೋಡದ ದಿನಗಳಲ್ಲಿ. 2030ರ ಹೊತ್ತಿಗೆ ಮೇ ತಿಂಗಳ ಕಡುಬಿಸಿಲಿಗೆ ಬರುತ್ತದೆ. ಮೋಡದ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮಡಿಕೆಗಳು ಮೆದುವಾಗಿ ಬಿಡಿಸಿಕೊಳ್ಳುತ್ತವೆ. ನಡುಹಗಲ ಬಿಸಿಲಿನಲ್ಲಿ ಹುಬ್ಬಿನ ನೆರಳು ಕಣ್ಣನ್ನು ನುಂಗುತ್ತದೆ, ಆಗ ಮನೆಗಳ ನೆರಳಿನ ಕಡೆಗೆ ಸರಿದು ಕಾಯಬೇಕು. ಒಂದೇ ಊರಿನ ಒಂದೇ ಆಚರಣೆ ವರ್ಷವರ್ಷಕ್ಕೂ ಬೇರೆ ಬೆಳಕಿನಲ್ಲಿ ಸಿಗುವುದು ಛಾಯಾಗ್ರಾಹಕರಿಗೆ ದೊಡ್ಡ ಭಾಗ್ಯ.

ಈ ಬೂದು ಲೆಕ್ಕವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್. ಕಡುಕಪ್ಪಿನಿಂದ ಅಚ್ಚಬಿಳಿಯವರೆಗೆ ವಲಯಗಳನ್ನು ಗುರುತಿಸಿ, ನಡುವಿನ ಬೂದನ್ನು ಐದನೆಯ ವಲಯ ಎಂದರು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರಂಥವರು ಫಿಲ್ಮಿನ ಕಾಲದಲ್ಲಿ ಸಾಮಾನ್ಯ ಜನರ, ಮಕ್ಕಳ ಬದುಕನ್ನು ಹಿಡಿದಾಗ ತೆಗೆದದ್ದನ್ನು ತಕ್ಷಣ ನೋಡಲು ಪರದೆಯಿರಲಿಲ್ಲ. ಅಂದಿನವರು ಬಾಯಿಪಾಠ ಮಾಡಿಕೊಂಡಿದ್ದ ಸೂತ್ರ ಇಂದಿಗೂ ಸುಳ್ಳಾಗಿಲ್ಲ: ಮೋಡವಿಲ್ಲದ ಬಿಸಿಲಿನಲ್ಲಿ ಅಪರ್ಚರ್ ಎಫ್ 16, ಐಎಸ್‌ಒ 100 ಇದ್ದರೆ ಶಟರ್ ಸುಮಾರು 1/100. ವಸ್ತು ಕಪ್ಪೋ ಬಿಳಿಯೋ ಎಂಬ ಪ್ರಶ್ನೆಯೇ ಅದರಲ್ಲಿಲ್ಲ, ಬಿಸಿಲನ್ನೇ ಅಳೆದ ಲೆಕ್ಕ ಅದು.

ಬಣ್ಣದಲ್ಲೂ ಕ್ಯಾಮೆರಾ ಹೀಗೇ ಊಹಿಸುತ್ತದೆ. ಮಿಶ್ರತಳಿ ಗೂಡು ಹಳದಿ, ಬೈವೋಲ್ಟೀನ್ ಬಿಳಿ. ರೈತರಿಗೂ ನೂಲು ಬಿಚ್ಚುವ ರೀಲರುಗಳಿಗೂ ಈ ವ್ಯತ್ಯಾಸ ಬೆಲೆಯ ಪ್ರಶ್ನೆ. ಆದರೆ ಹಳದಿ ರಾಶಿಯೇ ಚೌಕಟ್ಟು ತುಂಬಿದರೆ ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್ ಅದನ್ನು ದೀಪದ ಹಳದಿ ಎಂದು ತಿಳಿದು ತೊಳೆದುಬಿಡಬಹುದು. ಅದೇ ಬೆಳಕಿನಲ್ಲಿ ಬಿಳಿ ಕಾಗದ ಹಿಡಿದು ಬ್ಯಾಲೆನ್ಸ್ ಹೊಂದಿಸಿಕೊಂಡರೆ ಗೂಡಿನ ನಿಜಬಣ್ಣ ಉಳಿಯುತ್ತದೆ. ಚಿತ್ರಕ್ಕಾಗಿ ರೇಷ್ಮೆಹುಳು ಸಾಕುವ ಮನೆಗೇ ಹೋಗುವುದಾದರೆ ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ಮನೆಯವರು ಕರೆದ ಮೇಲೆ ಒಳಗಡಿಯಿಡಿ. ನಮ್ಮಿಂದ ಸೋಂಕು ಹೋದರೆ ಹುಳುವಿನ ಬೆಳೆಯೇ ಹಾಳು.

ಗೂಡಿನಿಂದ ನೂಲು ಬಿಚ್ಚುವ ಘಟಕದಲ್ಲಿ ಎರಡು ತೊಡಕು. ನಮ್ಮ ವಿದ್ಯುತ್ 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ವೇಗದ ಶಟರಿನಲ್ಲಿ ಚಿತ್ರದ ಮೇಲೆ ಅಡ್ಡಪಟ್ಟಿಗಳು ಬರುತ್ತವೆ, 1/100 ಅಥವಾ 1/50 ಇಟ್ಟರೆ ಹೋಗುತ್ತವೆ. ಇನ್ನೊಂದು ತೊಡಕು, ಬಿಸಿನೀರಿನಿಂದ ಏಳುವ ರೇಷ್ಮೆ ಎಳೆ ಮುಂದಿನ ಬೆಳಕಿನಲ್ಲಿ ಕಾಣುವುದೇ ಇಲ್ಲ. ಕಿಟಕಿ ಎಳೆಯ ಆಚೆ ಬದಿಗೆ ಬರುವಂತೆ, ಎಳೆಯ ಹಿಂದೆ ಮಸಿ ಹಿಡಿದ ಗೋಡೆ ಬರುವಂತೆ ನಿಂತುಕೊಳ್ಳಿ. ಗೋಡೆಯ ಕಪ್ಪನ್ನು ಕಂಡು ಮಾಪಕ ಮತ್ತೆ ಬೆಳಕು ಸುರಿಯಲು ಹೊರಡುತ್ತದೆ. ಮೈನಸ್ ಒಂದಕ್ಕೆ ಇಳಿಸಿದರೆ ಗೋಡೆ ಕಪ್ಪಾಗಿಯೇ ಉಳಿದು, ಎಳೆಯೂ ಆವಿಯೂ ಬೇರೆ ಬೇರೆಯಾಗಿ ಚಿತ್ರಕ್ಕೆ ಬರುತ್ತವೆ.