ಅವ್ರಿಗೆ 007... ನಮಗೆ 999!



'ಗಬ್ಬರ್ ಸಿಂಗ್ ಕುಣಿಸಿದ್ದು ನಮ್ಮೂರ ಬಂಡೆ ಮೇಲೆ' ಅಂತ ರಾಮನಗರದ ಹುಡುಗ್ರು ಎದೆ ತಟ್ಟಿ ಹೇಳ್ತಾರೆ. ಹೇಳಲಿ ಬಿಡಿ, ಹೆಮ್ಮೆಯ ಮಾತೇ! 'ಶೋಲೆ' ಚಿತ್ರೀಕರಣ 1973ರಲ್ಲಿ ಅಲ್ಲೇ ಶುರುವಾಯ್ತು. ಆದ್ರೆ ಅದಕ್ಕೂ ಐದು ವರ್ಷ ಮುಂಚೆ ಕನ್ನಡದ ಹುಡುಗರಿಗೆ ತಮ್ಮದೇ ಒಬ್ಬ ಗೂಢಚಾರ ಸಿಕ್ಕಿದ್ದ. ಸೂಟು, ಪಿಸ್ತೂಲು, ನಂಬರು 999. ಆ ಸೂಟಿನೊಳಗಿದ್ದವರು ಯಾರು ಗೊತ್ತೆ? ನಮ್ಮ ಅಣ್ಣಾವ್ರು!

ಅಲ್ಲಿ ಟೀವಿ, ಇಲ್ಲಿ ಟಾಕೀಸು

ಆ ಕಾಲಕ್ಕೆ ಬ್ರಿಟನ್ನಿನಲ್ಲಿ ಗೂಢಚಾರರು ಟೀವಿ ಮೂಲಕ ಮನೆಮನೆಗೇ ಬರ್ತಿದ್ರು. 'ದಿ ಅವೆಂಜರ್ಸ್' ಧಾರಾವಾಹಿ 1961ರಿಂದ 1969ರ ತನಕ ನಡೀತು. ದುಂಡು ಟೋಪಿ, ಕೈಯಲ್ಲಿ ಕೊಡೆ... ಅವನೇ ಜಾನ್ ಸ್ಟೀಡ್! ಅವನ ಜೊತೆಗಾತಿಯಾಗಿ ಮಿಂಚಿದ ಆನರ್ ಬ್ಲ್ಯಾಕ್‌ಮನ್ 1964ರಲ್ಲಿ 'ಗೋಲ್ಡ್‌ಫಿಂಗರ್' ಚಿತ್ರದಲ್ಲಿ ಬಾಂಡ್‌ಗೆ ಜೋಡಿಯಾದಳು. 'ದಿ ಸೇಂಟ್' ಧಾರಾವಾಹಿಯ ರೋಜರ್ ಮೂರ್ 1973ರಲ್ಲಿ ತಾನೇ 007 ಆಗಿಬಿಟ್ಟ.

ನಮ್ಮಲ್ಲಿ? ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ! ಕನಕಪುರ, ಮಾಗಡಿ ಕಡೆ ಹಳ್ಳಿಗಳಿಗೆ ಟೂರಿಂಗ್ ಟಾಕೀಸೇ ಗತಿ. ಹಾಗಾಗಿ ನಮ್ಮ ಗೂಢಚಾರನ ಕಂತುಗಳು ಬೆಳ್ಳಿತೆರೆ ಮೇಲೇ ಬಂದವು. ಹತ್ತು ವರ್ಷದಲ್ಲಿ ನಾಲ್ಕೇ ಕಂತು. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಕೊನೆಗೆ 1978ರಲ್ಲಿ ವರ್ಣರಂಜಿತ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕಕ್ಕೂ ನಿರ್ದೇಶಕರು ದೊರೈ-ಭಗವಾನ್ ಜೋಡಿ. ಎರಡನೇ ಕಂತಿನಲ್ಲಿ ಲಕ್ಷ್ಮಿ ಕನ್ನಡಕ್ಕೆ ಬಂದರು. ಮೂರನೆಯದರ ನಾಯಕಿ ರೇಖಾ... ಹೌದು, ಹಿಂದಿಯವರನ್ನ ಆಮೇಲೆ ಹುಚ್ಚು ಹಿಡಿಸಿದ ಅದೇ ರೇಖಾ!

ಮತ್ತೊಮ್ಮೆ 'ಜೇಡರ ಬಲೆ'

ಮೊದಲ ಕಂತನ್ನ ಇವತ್ತು ಮತ್ತೆ ನೋಡಿ. ಕಪ್ಪು-ಬಿಳುಪು ಚಿತ್ರ. ಲೋಹವನ್ನ ಚಿನ್ನ ಮಾಡೋ ಒಂದು ಗುಟ್ಟು, ಅದರ ಹಿಂದೆ ಬಿದ್ದ ಖದೀಮರು, ಖದೀಮರ ಹಿಂದೆ 999. ನಾಯಕಿ ಜಯಂತಿ. ಸಂಗೀತ ಜಿ.ಕೆ. ವೆಂಕಟೇಶ್. ಇವತ್ತಿನ ಕಣ್ಣಿಗೆ ಆ ಸೆಟ್ಟು, ಆ ಹೊಡೆದಾಟ ಸಾದಾ ಅನ್ನಿಸಬಹುದು. ಬಾಂಡ್ ಚಿತ್ರಕ್ಕೆ ಸುರಿಯೋ ದುಡ್ಡು ಕನ್ನಡ ನಿರ್ಮಾಪಕರಿಗೆ ಎಲ್ಲಿಂದ ಬರಬೇಕು ಸ್ವಾಮಿ?

ಆದ್ರೆ ಅಸಲಿ ಸಾಹಸ ಇದ್ದದ್ದು ಹೊಡೆದಾಟದಲ್ಲಲ್ಲ. ಬೇಡರ ಕಣ್ಣಪ್ಪನಾಗಿ, ಕನಕದಾಸನಾಗಿ, ಸತ್ಯ ಹರಿಶ್ಚಂದ್ರನಾಗಿ ಜನ ಕೈಮುಗಿದಿದ್ದ ಮುಖ ಅದು. 1968ರಲ್ಲೇ 'ಮಣ್ಣಿನ ಮಗ'ನಾಗಿ ರೈತನ ಪಾತ್ರ ಬೇರೆ. ಅದೇ ಮನುಷ್ಯ ಕೋಟು ಹಾಕಿ ಪಿಸ್ತೂಲು ಹಿಡಿದ್ರೆ ಜನ ಒಪ್ತಾರಾ? ಒಂದು ಹೆಜ್ಜೆ ಜಾರಿದ್ರೂ ನಗೆಪಾಟಲು! ಒಪ್ಪಿದ್ರು. ಅದಕ್ಕೇ ಇನ್ನೂ ಮೂರು ಕಂತು ಬಂತು. ಗೂಢಚಾರ ಇಂಗ್ಲಿಷೇ ಮಾತಾಡಬೇಕಿಲ್ಲ, ಅಚ್ಚ ಕನ್ನಡದಲ್ಲೂ ಬಾಂಬು ಹುಡುಕಬಹುದು ಅಂತ ಸಾಬೀತಾಯ್ತು.

ನಗೋರು ನಗಲಿ, ಆದ್ರೆ...

ಕೊನೇ ಕಂತಿನಲ್ಲಿ ಅಣ್ಣಾವ್ರೇ ಹಾಡಿದ ಇಂಗ್ಲಿಷ್ ಹಾಡಿದೆ. ಈಗಿನ ಹುಡುಗ್ರು ಮೊಬೈಲಿನಲ್ಲಿ ಆ ತುಣುಕು ನೋಡಿ ಕಿಸಕ್ಕನೆ ನಗ್ತಾರೆ. ಸ್ವಲ್ಪ ಯೋಚಿಸಿ. ಶಾಲೆಗಿಂತ ಹೆಚ್ಚಾಗಿ ನಾಟಕ ಕಂಪನಿಯಲ್ಲಿ ಕಲಿತ ಮನುಷ್ಯ, ಬಾರದ ಭಾಷೆಯಲ್ಲಿ ಒಂದಿಷ್ಟೂ ಅಳುಕಿಲ್ಲದೆ ಹಾಡಿದ್ದಾರೆ. ಇಂಟರ್‌ವ್ಯೂನಲ್ಲಿ ಎರಡು ಮಾತು ಇಂಗ್ಲಿಷ್ ಆಡೋಕೆ ಬೆವರೋ ನಮಗೆ ಅದು ತಮಾಷೆಯೋ, ಧೈರ್ಯವೋ? ಮುಂದೆ ಇದೇ ದೊರೈ-ಭಗವಾನ್ ನಿರ್ದೇಶನದ 'ಜೀವನ ಚೈತ್ರ'ದಲ್ಲಿ (1992) ಹಾಡಿದ್ದಕ್ಕೆ ಆ ಕಂಠಕ್ಕೇ ರಾಷ್ಟ್ರಪ್ರಶಸ್ತಿ ಬಂತು!

2006ರಲ್ಲಿ ಅಣ್ಣಾವ್ರು ಹೋದ್ರು. 2021ರಲ್ಲಿ ಜಯಂತಿ, 2023ರಲ್ಲಿ ಭಗವಾನ್. ಐದನೇ ಕಂತು ಬರಲೇ ಇಲ್ಲ.

ಚನ್ನಪಟ್ಟಣದಲ್ಲಿ ಬೆಂಗಳೂರು ಬಸ್ಸು ಹತ್ತಿ ಕಿಟಕಿ ಪಕ್ಕ ಜಾಗ ಸಿಕ್ತೋ, ತುಣುಕು ಬಿಟ್ಟು ಪೂರ್ತಿ ಸಿನಿಮಾನೇ ಹಾಕಿ. ನಗು ಬಂದ್ರೆ ನಗಿ, ಪರವಾಗಿಲ್ಲ. ಬಸ್ಸು ಇಳಿಯೋ ಹೊತ್ತಿಗೆ ಸಿಳ್ಳೆ ಬರದಿದ್ರೆ ನಮ್ಮನ್ನ ಕೇಳಿ!