ಶುದ್ಧ ಧ್ವನಿಗೆ ಗೋಡೆಯದೇ ತಕರಾರು

ಅನೇಕ ಎವಿ ರಿಸೀವರ್‌ಗಳ ರಿಮೋಟಿನಲ್ಲಿ ‘ಪ್ಯೂರ್ ಡೈರೆಕ್ಟ್’ ಎಂಬ ಗುಂಡಿ ಇರುತ್ತದೆ. ಒತ್ತಿದರೆ ಡಿಸ್‌ಪ್ಲೇ ಆರುತ್ತದೆ. ಅನಲಾಗ್ ಇನ್‌ಪುಟ್‌ಗೆ ಬಂದ ಸಂಗೀತ ಡಿಜಿಟಲ್ ಸಂಸ್ಕರಣೆಯ ಗೊಡವೆಯಿಲ್ಲದೆ ನೇರ ಆಂಪ್ಲಿಫೈಯರ್ ಸೇರುತ್ತದೆ. ಧ್ವನಿಶುದ್ಧಿಯ ಹಟವಿದ್ದವರಿಗೆ ಇದು ಅಚ್ಚುಮೆಚ್ಚು. ಆದರೆ ಐದು ಸ್ಪೀಕರ್, ಒಂದು ಸಬ್‌ವೂಫರ್ ಇರುವ ಮನೆಯಲ್ಲಿ ಈ ಶುದ್ಧಿಗೆ ಬೆಲೆ ತೆರಬೇಕಾಗುತ್ತದೆ.

ಶುದ್ಧಿ ಮತ್ತು ಸಂಸ್ಕರಣೆಯ ನಡುವಿನ ಈ ಜಗ್ಗಾಟ ಬಲವಾದದ್ದು ಎಸ್‌ಎಸಿಡಿ (ಸೂಪರ್ ಆಡಿಯೊ ಸಿಡಿ) ಕಾಲದಲ್ಲಿ. ಸೋನಿ ಮತ್ತು ಫಿಲಿಪ್ಸ್ 1999ರಲ್ಲಿ ಆ ಡಿಸ್ಕ್ ತಂದಾಗ ನಕಲಿನ ಭಯದಿಂದ ಅದರ ಡಿಜಿಟಲ್ ಧ್ವನಿಯನ್ನು ಹೊರಬಿಡಲಿಲ್ಲ. ಹಾಗಾಗಿ ಐದು ಸ್ಪೀಕರ್, ಒಂದು ಸಬ್‌ವೂಫರ್‌ನಲ್ಲಿ ಕೇಳಲು ಪ್ಲೇಯರಿನಿಂದ ರಿಸೀವರಿಗೆ ಆರು ಅನಲಾಗ್ ಕೇಬಲ್ ಎಳೆಯಬೇಕಿತ್ತು. ಪಿಂಕ್ ಫ್ಲಾಯ್ಡ್‌ನ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ 2003ರಲ್ಲಿ 5.1 ಚಾನೆಲ್‌ನಲ್ಲಿ ಬಂದಾಗಲೂ ಇದೇ ಏರ್ಪಾಡು. ಹೆಚ್ಚಿನ ರಿಸೀವರ್‌ಗಳು ಆ ಆರು ಕೇಬಲ್‌ಗಳ ಧ್ವನಿಗೆ ವಾಲ್ಯೂಮ್ ಏರಿಸಿ ಇಳಿಸುವುದರಾಚೆ ಏನೂ ಮಾಡುತ್ತಿರಲಿಲ್ಲ. 2005ರ ಎಚ್‌ಡಿಎಂಐ 1.2 ಬಂದ ಮೇಲೆ ಒಂದೇ ಕೇಬಲ್ ಸಾಕಾಯಿತು.

ಸಂಸ್ಕರಣೆ ಬೇಕಾದರೂ ಯಾಕೆ? ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಮುಂದಿನ ಸ್ಪೀಕರ್ ಮೂರು ಮೀಟರ್, ಹಿಂದಿನದು ಒಂದೂವರೆ ಮೀಟರ್ ದೂರವಿದ್ದರೆ ಹಿಂದಿನ ಧ್ವನಿ ನಾಲ್ಕು ಮಿಲಿಸೆಕೆಂಡಿಗೂ ಹೆಚ್ಚು ಮೊದಲೇ ಕಿವಿಗೆ ಬೀಳುತ್ತದೆ. ಅದನ್ನು ಅಷ್ಟು ಹೊತ್ತು ತಡೆದು ಬಿಡುವುದು ಡಿಜಿಟಲ್‌ಗೆ ಸಲೀಸು, ಅನಲಾಗ್‌ಗೆ ತ್ರಾಸದ ಕೆಲಸ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಚಿಕ್ಕ ಸ್ಪೀಕರ್‌ಗಳಿಂದ ಬಿಡಿಸಿ ಸಬ್‌ವೂಫರ್‌ಗೆ ಒಪ್ಪಿಸುವುದೂ ಡಿಜಿಟಲ್ ಸಂಸ್ಕರಣೆಯದೇ ಪಾಲು.

ಎಲ್ಲಕ್ಕಿಂತ ದೊಡ್ಡ ತಂಟೆ ಕೋಣೆಯದು. ಎದುರುಬದುರು ಗೋಡೆಗಳ ನಡುವೆ 12 ಅಡಿ ಇದ್ದರೆ ಸುಮಾರು 47 ಹರ್ಟ್ಸ್‌ನ ನಾದ ಅಲ್ಲೇ ಬೀಡುಬಿಡುತ್ತದೆ: ಗೋಡೆಯ ಬಳಿ ಗುಂಯ್‌ಗುಡುತ್ತದೆ, ನಡುಮಧ್ಯದಲ್ಲಿ ಬಹುತೇಕ ಮಾಯ. ಕಾಂಕ್ರೀಟ್ ಗೋಡೆಗಳ ನಡುವೆ ಈ ಕಾಟ ಹೆಚ್ಚು. ತಬಲಾ ವಾದಕರು ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ನಾದ ಕೆಳಗಿನಿಂದ ಮೇಲಕ್ಕೆ ಏರುತ್ತದಲ್ಲ, ಗಮನಿಸಿ ಕೇಳಿ. ಆ ಏರಿಕೆಯ ನಡುವೆ ಯಾವ ಡಿಸ್ಕ್ ಹಾಕಿದರೂ ಒಂದೇ ಶ್ರುತಿ ಊದಿಕೊಂಡರೆ ಅದು ಕೋಣೆಯ ಕೈವಾಡ. ಎಷ್ಟೇ ದುಬಾರಿ ಆಂಪ್ಲಿಫೈಯರ್ ಆದರೂ ತಾನಾಗಿ ಅದನ್ನು ತಡೆಯಲಾರದು; ಡಿಜಿಟಲ್ ಸಂಸ್ಕರಣೆ ಮೈಕ್ ಇಟ್ಟು ಕೋಣೆಯನ್ನು ಅಳೆದು ಆ ಊತವನ್ನು ತಗ್ಗಿಸಬಲ್ಲದು.

ಅನಲಾಗ್ ಧ್ವನಿಯನ್ನು ಮತ್ತೆ ಡಿಜಿಟಲ್ ಮಾಡಿದರೆ ಕೆಡುವುದಿಲ್ಲವೇ? 24 ಬಿಟ್ ಡಿಜಿಟಲ್‌ನಲ್ಲಿ ಅತಿ ಮೆಲುದನಿಗೂ ಅತಿ ಜೋರಿಗೂ ನಡುವಿನ ಸೈದ್ಧಾಂತಿಕ ಹರವು 144 ಡೆಸಿಬಲ್. ಒಳ್ಳೆಯ ಎಲ್‌ಪಿಯದು 70ರ ಆಸುಪಾಸು. ಕಳೆದುಹೋಗುವುದು ಅತ್ಯಲ್ಪ. ಹಾನಿಯಾಗುವುದು ಅತಿ ತಿದ್ದುವಿಕೆಯಿಂದ. ಮೇಲಿನ ಕಂಪನಾಂಕಗಳಲ್ಲಿ ಮೈಕ್ ನಾಲ್ಕು ಬೆರಳು ಸರಿದರೂ ಅಳತೆ ಬದಲಾಗುತ್ತದೆ. ಆ ಅಳತೆ ನಂಬಿ ತಿದ್ದಿದರೆ ಗಾಯಕರ ಕಂಠವೇ ಸಪ್ಪೆಯಾದೀತು. ಕೋಣೆಗೆ ತಕ್ಕಂತೆ ಧ್ವನಿ ತಿದ್ದುವ ಆಡಿಸ್ಸಿಯ ಆ್ಯಪ್‌ನಲ್ಲೂ ಡಿರ್ಯಾಕ್ ಲೈವ್‌ನಲ್ಲೂ ತಿದ್ದುಪಡಿ ಎಲ್ಲಿಗೆ ನಿಲ್ಲಬೇಕೆಂದು ಗೆರೆ ಹಾಕಬಹುದು. 300 ಹರ್ಟ್ಸ್ ಸುತ್ತಮುತ್ತ ಹಾಕಿ ನೋಡಿ.

ಅದಕ್ಕೂ ಮೊದಲು ಸೋಫಾವನ್ನು ಗೋಡೆಯಿಂದ ಈಚೆ ಎಳೆಯಿರಿ, ಕೋಣೆಯ ನಟ್ಟನಡುವೆಯೂ ಬೇಡ. ನೆಲಕ್ಕೆ ಜಮಖಾನೆ ಹಾಸಿ. ಉಬ್ಬಿದ ನಾದವನ್ನು ಡಿಜಿಟಲ್ ತಗ್ಗಿಸೀತೇ ಹೊರತು, ಮಾಯವಾದದ್ದನ್ನು ಮರಳಿ ತರಲಾರದು. ಎರಡು ದೊಡ್ಡ ಸ್ಪೀಕರ್‌ಗಳಲ್ಲಿ ಎಲ್‌ಪಿ ಕೇಳುವಾಗ ಡೈರೆಕ್ಟ್ ಗುಂಡಿಯನ್ನೂ ಒತ್ತಿ ನೋಡಬಹುದು. ಹೋಲಿಸುವಾಗ ಮಾತ್ರ ಎರಡೂ ಕಡೆ ವಾಲ್ಯೂಮ್ ಸರಿಸಮ ಇರಲಿ. ತುಸು ಜೋರಾಗಿದ್ದದ್ದೇ ಚೆನ್ನ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ.